ಬೆವರದವರ ಅಂಗಿಯ ಉಪ್ಪು

“ಎರಡನೇ ಮನಷ್ಯಾ ಬೆವತಾನ,” ಎಂದ ಅಮರೇಶ್.

ಸುಹಾನಾ ಕುರ್ಚಿಯಿಂದ ಅರ್ಧ ಎದ್ದಳು. “ಏನಂದ್ರಿ?”

“ಬೆವತಾನ. ಬೆವರು. ನನ್ನ ಹಣಿಯಿಂದ ಮೂಗಿಗೆ, ಮೂಗಿನಿಂದ ನಿಮ್ಮ ಫೋಟೋದ ಮ್ಯಾಲ ಹನಿಯಾಕತ್ತೈತಲ್ಲ, ಇದು.”

ಬಳ್ಳಾರಿಯ ಮೇ ತಿಂಗಳಲ್ಲಿ ಬೆವರುವುದು ಅಪರಾಧವೇನಲ್ಲ. ಝೆರಾಕ್ಸ್ ಅಂಗಡಿಯ ಮೇಲಿನ ಅಮರೇಶ್‌ನ ಪುಟ್ಟ ಪತ್ತೇದಾರಿ ಕೋಣೆಯಲ್ಲಿ ಕರೆಂಟು ಹೋಗಿ ಅರ್ಧ ಗಂಟೆಯಾಗಿ, ಫ್ಯಾನು ಧ್ಯಾನಕ್ಕೆ ಕೂತಿತ್ತು. ಕಿಟಕಿ ತೆಗೆದರೆ ಅದಿರು ಲಾರಿಗಳ ಕೆಂಧೂಳು, ಮುಚ್ಚಿದರೆ ಬೇಯುವ ಕುಲುಮೆ. ಇಂಥ ಊರಿನಲ್ಲಿ ಎಲ್ಲರೂ ಬೆವರುತ್ತಾರೆ. ಆದರೆ ಫೋಟೋದಲ್ಲಿ ಸಾಲಾಗಿ ಕೂತಿದ್ದ ಆ ನಾಲ್ವರು ಬೆವರುವ ಹಾಗಿರಲಿಲ್ಲ.

ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಹೊನ್ನೂರಮ್ಮನ ಮನೆಯ ನಾಲ್ವರು ಗಂಡಸರಿಗೆ ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳಿಲ್ಲ, ಬಾಯಲ್ಲಿ ಎರಡೋ ಮೂರೋ ಹಲ್ಲು. ಲಕ್ಷಕ್ಕೊಬ್ಬರಿಗೆ ಬರುವ ಆ ಕಾಯಿಲೆಯ ಬೇರನ್ನು ಸುಹಾನಾ ಎರಡು ವರ್ಷ ದುಡಿದು ಅವರ ರಕ್ತದಲ್ಲಿ ಹಿಡಿದಿದ್ದಳು. ಖಾತ್ರಿಗೆಂದು ಮತ್ತೊಮ್ಮೆ ತೆಗೆದ ಅದೇ ನಾಲ್ವರ ರಕ್ತವೋ, ದೋಷವೇ ಇಲ್ಲ ಎಂದು ಹೈದರಾಬಾದಿನಿಂದ ಬಂದಿತ್ತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿ ಕೂಡುತ್ತದೆ. ಅಲ್ಲಿ ಅವಳ ಸಂಶೋಧನಾ ವೇತನವಷ್ಟೇ ಹೋಗುವುದಿಲ್ಲ. ‘ಕಟ್ಟುಕಥೆ ಬರೆದವಳು’ ಎಂಬ ಹೆಸರು ಬರುತ್ತದೆ. ಆ ಹೆಸರು ಹೊತ್ತವರಿಗೆ ಮುಂದೆ ಯಾವ ಪ್ರಯೋಗಾಲಯದ ಬಾಗಿಲೂ ತೆರೆಯುವುದಿಲ್ಲ.

ಅಮರೇಶ್ ಭೂತಗನ್ನಡಿಯನ್ನು ಅವಳತ್ತ ತಳ್ಳಿದ. “ನೀಲಿ ಅಂಗಿ. ಬಗಲ ಕೆಳಗ ನೋಡ್ರಿ. ಏನೈತಿ?”

ಸುಹಾನಾ ಬಗ್ಗಿದಳು. ಎರಡನೇ ಸಲ ರಕ್ತ ತೆಗೆಸಿಕೊಳ್ಳುತ್ತಿದ್ದ ನಾಲ್ವರ ತಲೆಯ ಮೇಲೂ ಒದ್ದೆ ಟವೆಲ್ಲು, ಮುಖ ಕಾಣದಂತೆ ಮುಂದಕ್ಕೆ ಎಳೆದದ್ದು. ರೋಗಿಗಳ ಮುಖ ತೋರಿಸಬಾರದೆಂಬ ನಿಯಮ. ಅದೂ ಅಲ್ಲದೆ ಆ ಮನೆಯವರು ಬಿಸಿಲಿಗೆ ಹೊರಬಿದ್ದರೆ ತಲೆಯ ಮೇಲೆ ಒದ್ದೆ ಬಟ್ಟೆ ಇರಲೇಬೇಕು; ಇಲ್ಲದಿದ್ದರೆ ಮೈ ಕಾದು ಬಿದ್ದುಬಿಡುತ್ತಾರೆ.

“ಬಿಳೀ ಗೆರಿ ಐತಿ,” ಎಂದಳು. “ಅಲಿ ಅಲಿ ಆಗಿ.”

“ಉಪ್ಪು. ಟವೆಲ್ಲಿನ ನೀರು ಇಳಿದು ಆರಿದ್ರ ಇಂಥ ಗೆರಿ ಬೀಳಂಗಿಲ್ಲ. ಬೆವರು ಆರಿದ್ರ ಬೀಳ್ತೈತಿ. ನಮ್ಮವ್ವ ಹದಿನೈದು ವರ್ಷ ನಮ್ಮಪ್ಪನ ಕಾಕಿ ಅಂಗಿ ಒಗದಾಳ, ಲಾರಿ ಡ್ರೈವರ್ ಅಂಗಿ. ಇದನ್ನ ಕಲಿಯಾಕ ನಾನು ಎಮ್ಮೆಸ್ಸಿ ಮಾಡಬೇಕಾಗಿಲ್ಲ.”

ಸುಹಾನಾಳ ಕಣ್ಣು ತುಂಬಿತು. ಅದೂ ಉಪ್ಪುನೀರೇ. ಅಮರೇಶ್ ಅತ್ತ ನೋಡಲಿಲ್ಲ. ಅಳುವ ಕಕ್ಷಿದಾರರ ಮುಂದೆ ಅವನ ನಾಲಿಗೆ ಹಾಸ್ಯಕ್ಕೆ ತಿರುಗಿ ಅನಾಹುತವಾಗುತ್ತಿತ್ತು.

“ಅಂದ್ರ ಇವರು ಬ್ಯಾರೆ ಮಂದಿ,” ಎಂದಳು ಮೆಲ್ಲಗೆ. “ರಕ್ತ ಸುಳ್ಳು ಹೇಳಿಲ್ಲ. ರಕ್ತದ ಮಾಲಕರು ಸುಳ್ಳು.”

“ವಂಶವಾಹಿ ಕೇಸು ಅಂತ ತಂದ್ರಿ ತಂಗೀ. ವಂಚನಾವಾಹಿ ಆಗೇತಿ. ಈ ರಕ್ತ ತಗದಾಂವ ಯಾರು?”

“ಫಾರೂಕ್.”

ಅಮರೇಶ್ ಆ ಹೆಸರನ್ನು ಬೆರಳ ನಡುವೆ ಬೀಡಿ ಹೊರಳಿಸಿದ ಹಾಗೆ ಹೊರಳಿಸಿದ. ಭೂಮಿಯ ಹೊಟ್ಟೆ ಅಗೆದು ದೊಡ್ಡವರಾದ ಗಣಿ ಧಣಿಯೊಬ್ಬರು, ಮಂದಿಯ ವಂಶ ಅಗೆಯುವವರಿಗೆಂದು ತಾಯಿಯ ಹೆಸರಿನಲ್ಲಿ ಸಿದ್ದಮ್ಮ ಪ್ರತಿಷ್ಠಾನ ಕಟ್ಟಿದ್ದರು. ಅಪರೂಪದ ಆನುವಂಶಿಕ ಕಾಯಿಲೆಗಳನ್ನು ಓದುವ ಹೊಸ ವಿಜ್ಞಾನಿಗಳಿಗೆ ವೇತನ, ಜೊತೆಗೊಬ್ಬ ಹಿರಿಯರ ಮಾರ್ಗದರ್ಶನ. ಈ ಸಲ ಆರಿಸಿದ್ದು ಇಬ್ಬರನ್ನು, ಸುಹಾನಾ ಮತ್ತು ಫಾರೂಕ್. ಇಬ್ಬರಿಗೂ ಒಬ್ಬರೇ ಗುರು, ಡಾಕ್ಟರ್ ಶೀಲಾ. ಮುಂದಿನ ಹಂತಕ್ಕೆ ಇರುವುದು ಒಂದೇ ಸ್ಥಾನ.

“ಫಾರೂಕ್‌ನ ಕಳಸಿದೋರು?”

“ಸಮಿತಿ. ಶೀಲಾ ಮೇಡಂ ಸಹಿ ಮಾಡಿದ್ರು.”

“ಈ ಮೇಡಂ ಈ ಮನಿಗೆ ಮದ್ಲು ಬಂದಿದ್ರೇನು?”

ಸುಹಾನಾ ತಡೆದಳು. “ಹದಿನೆಂಟು ವರ್ಷದ ಹಿಂದ. ಕಾಲುವಿ ನೀರಿಗೆ ಸೇರೂ ಬೆಳಿ ಔಷಧದ ದೋಷ, ವಂಶದ್ದಲ್ಲ ಅಂತ ಬರದಿದ್ರು. ಅದಕ್ಕ ಅವರಿಗೆ ಡಾಕ್ಟರೇಟ್ ಬಂತು.”

“ಅಂದ್ರ ನೀವು ಖರೇ ಆದ್ರ ಅವರು ಸುಳ್ಳು.”

“ಹಂಗನ್ನಬ್ಯಾಡ್ರಿ ಅಣ್ಣಾ!” ಅವಳ ದನಿ ಏರಿತು. “ಎರಡು ಸಲ ನನ್ನ ಅರ್ಜಿ ತಿರುಗಿ ಬಂದಾಗ ಅವರ ನನ್ನ ಕೂಡಿಸಿಕೊಂಡು ಸಾಲು ಸಾಲು ತಿದ್ದಿ ಕೊಟ್ರು. ನನ್ನ ಫಲಿತಾಂಶ ನೋಡಿ ನಕ್ಕು, ‘ನನ್ನ ತಪ್ಪು ತಿದ್ದೋಳು ನನ್ನ ಶಿಷ್ಯೆಯೇ ಆಗಲಿ’ ಅಂದ್ರು. ಮೂರು ಮಂದಿ ಸಮಿತಿಯೊಳಗ ಇಬ್ಬರು ನನ್ನ ತಗದ ಹಾಕೋಣು ಅಂದಾರ. ನನ್ನ ಪರ ನಿಂತೋರು ಅವರೊಬ್ರ.”

ಇಷ್ಟು ಒಳ್ಳೆಯವರನ್ನು ಕಂಡರೆ ಅಮರೇಶ್‌ಗೆ ಮೊದಲಿನಿಂದಲೂ ಸ್ವಲ್ಪ ಅಲರ್ಜಿ.

ವಿಮಾ ಕಂಪನಿಯಲ್ಲಿ ಸತ್ತವರು ನಿಜಕ್ಕೂ ಸತ್ತಿದ್ದಾರೋ ಇಲ್ಲವೋ ಎಂದು ನೋಡಿ ಬರುವ ಕೆಲಸ ಮಾಡುತ್ತಿದ್ದಾಗ ಅವನಿಗೊಂದು ಚಟ ಅಂಟಿತ್ತು: ಮಂದಿಯ ದನಿ ಕದಿಯುವುದು. ಈಗ ಪ್ರತಿಷ್ಠಾನದ ಲ್ಯಾಬಿಗೆ ಫೋನು ಹಚ್ಚಿ, ಗಂಟಲನ್ನು ಎರಡು ಮಹಡಿ ಕೆಳಗಿಳಿಸಿ, ಅರ್ಧ ತೆಲುಗು ಅರ್ಧ ಕನ್ನಡದ ಯಾರೋ ದೊಡ್ಡ ಸಾಹೇಬರಾದ.

“ಏಮಯ್ಯಾ, ಆಫೀಸಿಂದ ಮಾತಾಡೋದು. ಆ ಫಾರೂಕ್ ಇವತ್ತು ಎಲ್ಲಿ ಕ್ಯಾಂಪು ಹಾಕ್ಯಾನ? ಚೆಪ್ಪು, ಬೇಗ ಹೇಳು, ನಂಗೆ ಟೈಮಿಲ್ಲ.”

“ಕುರುಗೋಡಿನಾಗ ಸಾರ್! ಸಾಲಿ ಕಟ್ಟಿ ಮ್ಯಾಲ ಸಾರ್!” ಎಂದಿತು ಆ ಕಡೆಯ ದನಿ, ಎದ್ದು ನಿಂತೇ ಹೇಳಿದ ಹಾಗೆ.

ಗೆಳೆಯನಿಂದ ಕಡ ತಂದ ಓಮ್ನಿ ಹತ್ತೂವರೆಗೆ ಬಳ್ಳಾರಿ ಬಿಟ್ಟಿತು.

*

ಕುರುಗೋಡಿನ ಶಾಲೆಯ ಜಗಲಿಯ ಮೇಲೆ ಫಾರೂಕ್ ರಕ್ತದ ಸೀಸೆಗಳನ್ನು ಐಸ್ ಡಬ್ಬಿಗೆ ಜೋಡಿಸುತ್ತಿದ್ದ. ಉದ್ದನೆಯ ಆಳು. ಹಿಂದಿನ ಬಂಡೆಗುಡ್ಡ ಬಿಸಿಲಿಗೆ ಕಾದು ಜಗಲಿಯವರೆಗೂ ಉಸಿರು ಬಿಡುತ್ತಿತ್ತು. ಸುಹಾನಾ ಓಮ್ನಿಯಿಂದ ಇಳಿಯಲಿಲ್ಲ. “ನನ್ನ ನೋಡಿದ್ರ ಅವನು ಬಾಯಿ ಬಿಡಂಗಿಲ್ಲ” ಎಂದಿದ್ದಳು.

ಅಮರೇಶ್ ಫೋಟೋ ಮುಂದಿಟ್ಟ. ಉಪ್ಪಿನ ಗೆರೆ ತೋರಿಸಿದ. ಫಾರೂಕ್‌ನ ಮುಖದ ಬಣ್ಣ ಇಳಿಯಿತು.

“ಅವತ್ತು ಏನಾತು, ಹೇಳ್ರಿ.”

“ಏನಾಗ್ತೈತಿ ಸಾರ್? ಹೊನ್ನೂರಮ್ಮನ ತಂಗಿ ಮನಿ ಇಲ್ಲೇ ಕುರುಗೋಡಿನಾಗ ಐತಿ. ದೇಶನೂರಾಗ ಮಂದಿ ಮಾತಾಡ್ತಾರ, ಇಲ್ಲಿ ಬರ್ರಿ ಅಂತ ಹೇಳಿ ಕಳಸಿದ್ರು. ಮುಂಜಾನಿ ಎಂಟಕ್ಕ ಬಂದೆ. ನಾಲ್ಕು ಮಂದಿ ಕಟ್ಟಿ ಮ್ಯಾಲ ಕುಂತಿದ್ರು. ಹೆಸರು ಕರೆದೆ, ಓ ಅಂದ್ರು. ರಕ್ತ ತಗೊಂಡೆ.”

“ಓ ಅನ್ನಾಕ ನನಗೂ ಬರ್ತೈತಿ. ಕರೀರಿ ನೋಡೋಣು.”

“ಏನಂತ?”

“ಅಯ್ಯಣ್ಣ ಅಂತ. ಹೊನ್ನೂರಮ್ಮನ ತಮ್ಮನ ಹೆಸರು.”

“ಏನ್ರಿ ಇದು, ಚೇಷ್ಟಿ…” ಅಮರೇಶ್ ಕಾಯುತ್ತಲೇ ಇದ್ದ. ಫಾರೂಕ್ ಬೇಸರದಿಂದ ಕರೆದ, “ಅಯ್ಯಣ್ಣ?”

“ಓ…” ಎಂದ ಅಮರೇಶ್, ಹಲ್ಲಿಲ್ಲದ ಮುದುಕನ ಬೊಚ್ಚುದನಿಯಲ್ಲಿ. ಜಗಲಿಯ ತುದಿಯಲ್ಲಿ ಕೂತಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಫಾರೂಕ್ ನಗಲಿಲ್ಲ.

“ನೋಡಿದ್ರಿ? ಈಗ ನನ್ನ ರಕ್ತ ತಗದು ಹೈದರಾಬಾದಿಗೆ ಕಳಸ್ರಿ. ಅಯ್ಯಣ್ಣಗ ಏನೂ ರೋಗ ಇಲ್ಲ ಅಂತ ಬರ್ತೈತಿ. ಒಮ್ಮಿ ಬಾಯಿ ತೆಗಸಿ ಹಲ್ಲು ನೋಡಿದ್ರ ಮುಗೀತಿತ್ತು.”

“ಹೆತ್ತ ತಾಯಿ ಎದುರಿಗೆ ನಿಂತು ‘ಇವ ನನ್ನ ತಮ್ಮ, ಇವರು ನನ್ನ ಮಕ್ಕಳು’ ಅಂತ ತೋರಿಸಿದ ಮ್ಯಾಲ, ಹಲ್ಲು ಎಣಿಸಾಕ ನಾನೇನು ದನದ ಸಂತ್ಯಾಗ ಅದೀನೇನ್ರಿ?”

ಅಮರೇಶ್‌ನ ನಗೆ ಅಲ್ಲೇ ನಿಂತಿತು. “ಹೊನ್ನೂರಮ್ಮನ? ಆಕಿನ ಅಲ್ಲಿದ್ಲೇನು?”

“ಕಡೀತನಾ ಇದ್ಲು. ಟವೆಲ್ಲಿಗೆ ನೀರು ಸುರಿಯಾಕಿನೂ ಆಕಿನ.”

“ಮದ್ಲು ನೀವು ಆ ಗಂಡಸರನ್ನ ನೋಡಿದ್ದಿಲ್ಲ?”

“ನೋಡಿದ್ದಿಲ್ಲ ಅಂತನ ನನ್ನ ಕಳಸಿದ್ದು! ಮನಿ ಮಂದಿ ಪರಿಚಯ ಇದ್ದಾಂವ ಹೋದ್ರ ಸುಹಾನಾ ಪರ ಅಂತಾರ. ಪರಿಚಯ ಇಲ್ಲದಾಂವ ಹೋದ್ರ ಪಕ್ಷಪಾತ ಇಲ್ಲ ಅಂತ ಸಮಿತಿಯೋರು ಬರದಾರ.”

ಅಮರೇಶ್‌ಗೆ ಒಳಗೊಳಗೇ ಚಪ್ಪಾಳೆ ತಟ್ಟಬೇಕೆನ್ನಿಸಿತು. ಪಕ್ಷಪಾತ ಬೇಡವೆಂದು, ಗುರುತೇ ಇಲ್ಲದವನನ್ನು ಗುರುತು ಹಿಡಿಯಲು ಕಳಿಸಿದ್ದರು. ಎಷ್ಟು ಓದಿದವರು ಸೇರಿದರೆ ಇಂಥ ಉಪಾಯ ಹೊಳೆಯುತ್ತದೆ! ಇದು ಬರೀ ಪೆದ್ದುತನವೋ, ಯಾರದೋ ಜಾಣತನವೋ?

ಹೊರಡುವಾಗ ಫಾರೂಕ್ ಮೆಟ್ಟಿಲವರೆಗೂ ಬಂದ. “ಸಾರ್. ಸುಹಾನಾ ಬಿದ್ರ ನಾನು ಏಳ್ತೀನಿ ಅಂತ ಎಲ್ಲಾರೂ ಅಂತಾರ. ಹಂಗ ಏಳೂದು ನನಗ ಬ್ಯಾಡ.” ಆಮೇಲೆ ಓಮ್ನಿಯ ಕಡೆ ಕಣ್ಣು ಹಾಯಿಸಿ, “ಆಕಿ ಒಳಗ ಕುಂತಾಳಂತ ನನಗ ಗೊತ್ತೈತಿ. ನಮಸ್ಕಾರ ಹೇಳ್ರಿ,” ಎಂದ.

ಅವನನ್ನು ನಂಬಬೇಕೆನ್ನಿಸಿತು. ನಂಬಬೇಕೆನ್ನಿಸಿದ್ದಕ್ಕೇ ಅಮರೇಶ್ ಅವನ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಲಿಲ್ಲ.

“ಈಗ ದೇಶನೂರು,” ಎಂದ ಸ್ಟೇರಿಂಗ್ ಹಿಡಿದು.

“ಬ್ಯಾಡ ಅಣ್ಣಾ.”

ಮಾತು ಬಹಳ ಬೇಗ ಬಂದಿತ್ತು. ಅಮರೇಶ್ ಕನ್ನಡಿಯಲ್ಲಿ ಅವಳನ್ನು ನೋಡಿದ. ಸುಹಾನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

“ಉಪ್ಪಿನ ಗೆರಿ ಸಾಲದೇನು? ಅದನ್ನ ನಾಳೆ ತೋರಸೋಣು.”

“ಗೆರಿ ಇರೂದು ಒಬ್ಬಾತನ ಅಂಗಿ ಮ್ಯಾಲ. ಉಳದ ಮೂವರದು ಬಿಳೀ ಅಂಗಿ, ಏನೂ ಕಾಣಂಗಿಲ್ಲ. ಹಳೇ ಕಲಿ, ಕಡ ತಂದ ಅಂಗಿ ಅಂದುಬಿಟ್ರ? ಹೊನ್ನೂರಮ್ಮನ ಬಾಯಿಂದ ಬರಬೇಕು ತಂಗೀ.”

“ಆ ಮನ್ಯಾಗ ಮದಿವಿ ಐತಿ. ಬರೋ ಸೋಮವಾರ. ಈಗ ಹೋಗೂದು…”

“ನಿಮ್ಮ ಹೆಸರಿನ ಮದಿವಿ ನಾಳೇನ ಐತಿ. ಯಾವುದು ಮದ್ಲು?”

ಓಮ್ನಿ ಸಿರುಗುಪ್ಪ ಹೊಕ್ಕಿತು. ರೈಸ್ ಮಿಲ್ಲುಗಳ ಮುಂದೆ ಹಮಾಲರು ಮೂಟೆ ಹೊರುತ್ತಿದ್ದರು. ಬೆನ್ನ ಮೇಲೆ ಅಂಟಿದ ಅಂಗಿ, ಅಂಗಿಯ ಮೇಲೆ ಬಿಳಿ ಬಿಳಿ ಅಲೆ. ಅಮರೇಶ್ ವೇಗ ತಗ್ಗಿಸಿ ಅವರನ್ನೇ ನೋಡಿದ. ಮತ್ತೆ ಕನ್ನಡಿಯಲ್ಲಿ ನೋಡಿದ. ಸುಹಾನಾ ಅವರನ್ನು ನೋಡಲೇ ಇಲ್ಲ.

ಕಕ್ಷಿದಾರರು ಸುಳ್ಳು ಹೇಳಿದರೆ ಅಮರೇಶ್‌ಗೆ ಬೇಜಾರಿರಲಿಲ್ಲ. ಏನನ್ನೋ ಹೇಳದೆ ಉಳಿದರೆ ಮಾತ್ರ ಅವನ ಎಡಗಿವಿ ತುರಿಸುತ್ತಿತ್ತು. ಈಗ ತುರಿಸುತ್ತಿತ್ತು.

*

ಹೊನ್ನೂರಮ್ಮನ ಮನೆಯಂಗಳದಲ್ಲಿ ಮದುವೆಯ ಸಂಡಿಗೆ ಒಣಗುತ್ತಿತ್ತು. ಬೇವಿನ ನೆರಳಿನಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಿನ ಬಾನಿ. ಅದರಲ್ಲಿ ಎದೆಮಟ್ಟ ನೀರಿನಲ್ಲಿ ಕೂತು ನಲವತ್ತರ ಒಬ್ಬಾತ ಮಾವಿನಹಣ್ಣನ್ನು ಒಸಡಿನಲ್ಲೇ ಚೀಪುತ್ತಿದ್ದ. ತಲೆಯಲ್ಲಿ ನಾಲ್ಕು ಕೂದಲು, ಬಾಯಲ್ಲಿ ಎರಡು ಹಲ್ಲು.

“ಬರ್ರಿ ಬರ್ರಿ. ಮದಿವಿ ಮನಿಗೆ ಬಂದೀರಿ, ವರನ ಕಡೆಯೋರೋ, ಬ್ಯಾರೆ ಕಡೆಯೋರೋ?”

“ಬ್ಯಾರೆ ಕಡೆಯಾಂವ. ಪತ್ತೇದಾರ. ನೀವು ಅಯ್ಯಣ್ಣ ಅಲ್ಲೇನು?”

“ಹೌದು. ಪತ್ತೇದಾರ ಆದ್ರೇನು, ಪೊಲೀಸ ಆದ್ರೇನು. ನಾ ಬೆವರೂ ಮಗ ಅಲ್ಲ!” ಎಂದು ಅಯ್ಯಣ್ಣ ನೀರು ಚಿಮ್ಮುವಂತೆ ನಕ್ಕ.

ಅಮರೇಶ್‌ಗೂ ನಗು ಬಂತು. “ಹನ್ನೆರಡು ದಿನದ ಹಿಂದ ಕುರುಗೋಡಿಗೆ ರಕ್ತ ಕೊಡಾಕ ಹೋಗಿದ್ರೇನ್ರಿ?”

“ಕುರುಗೋಡಿಗೆ? ಈ ಬಿಸಲಾಗ?” ಅಯ್ಯಣ್ಣ ಹಣ್ಣು ಕೆಳಗಿಟ್ಟ. “ಯುಗಾದಿ ಆದಮ್ಯಾಲ ಈ ಬಾನಿ ಬಿಟ್ಟು ಊರ ಅಗಸಿಬಾಗಿಲ ದಾಟಿಲ್ಲ ನಾನು. ಯಾಕ, ಏನಾಗೇತಿ?”

“ಅಯ್ಯಣ್ಣಾ, ಬಾಯಿ ಮುಚ್ಚು.”

ಹೊನ್ನೂರಮ್ಮ ಬಾಗಿಲಲ್ಲಿ ನಿಂತಿದ್ದಳು. ಗಿಡ್ಡ ಗಟ್ಟಿ ಹೆಂಗಸು. ಕೈಯಲ್ಲಿ ಹಿಟ್ಟು. ಅಮರೇಶ್ ಹತ್ತಿರ ಹೋಗಿ ಫೋಟೋ ಹಿಡಿದ.

“ಅಕ್ಕಾ, ಈ ನೀಲಿ ಅಂಗಿ ಯಾರ ಮಗಂದು?”

“ನನ್ನ ಮಗಂದು.”

“ನಿಮ್ಮ ಮಗ ಬೆವರ್ತಾನೇನು?”

ಅವಳು ಫೋಟೋದಿಂದ ಮುಖ ತಿರುಗಿಸಿ ಸಂಡಿಗೆಯ ಕಡೆ ನೋಡಿದಳು.

“ಸಿರುಗುಪ್ಪದ ಮಿಲ್ಲಿನ ಮುಂದ ಹಾದು ಬಂದೆ. ಅಲ್ಲಿ ಇಂಥ ಅಂಗಿ ಬೇಕಾದಷ್ಟು ಅದಾವು. ಹೋಗಿ ಒಬ್ಬೊಬ್ಬರನ್ನ ಕೇಳಲೋ, ನೀವ ಹೇಳ್ತೀರೋ?”

ಹೊನ್ನೂರಮ್ಮ ಕೈಯ ಹಿಟ್ಟು ಕೊಡವಿದಳು. “ಕೇಳಬ್ಯಾಡ ಯಪ್ಪಾ. ಹಮಾಲರ ಅವರು. ನನ್ನ ತಂಗಿ ಗಂಡನ ಜೋಡಿ ಮೂಟಿ ಹೊರೋರು. ನಾನ ಕರಕೊಂಡು ಹೋದೆ. ನಾನ ಟವೆಲ್ಲು ಹಾಕಿದೆ. ನಾನ ಸುಳ್ಳು ಹೇಳಿದೆ. ಅವರಿಗೇನೂ ಅನ್ನಬ್ಯಾಡ್ರಿ.”

“ಅಕ್ಕಾ!” ಅಯ್ಯಣ್ಣ ಬಾನಿಯಲ್ಲೇ ಎದ್ದು ನಿಂತ.

“ಯಾಕ ಮಾಡಿದ್ರಿ? ನಿಮ್ಮ ಮನ್ಯಾಗ ಎರಡು ವರ್ಷ ಓಡಾಡಿ, ನಿಮ್ಮ ಮಕ್ಕಳ ತಲಿ ಮ್ಯಾಲ ನೀರು ಸುರದ ಹುಡುಗಿ ನಾಳೆ ಕಳ್ಳಿ ಅನ್ನಿಸಿಕೊಂತಾಳ.”

“ನನಗೂ ಒಬ್ಬಾಕಿ ಹುಡುಗಿ ಅದಾಳ ಯಪ್ಪಾ.”

ಒಳಗೆ ಹೋಗಿ ಟ್ರಂಕಿನಿಂದ ನಾಲ್ಕಾಗಿ ಮಡಿಚಿದ ಕಾಗದ ತಂದಳು. ಮಡಿಕೆ ಬಿಚ್ಚಿದಾಗ ಅಮರೇಶ್‌ಗೆ ರಂಗೋಲಿಯ ಹಾಗೆ ಕಂಡಿತು. ಚೌಕಗಳು ಗಂಡಸರು, ಗುಂಡುಗಳು ಹೆಂಗಸರು, ನಡುವೆ ಗೆರೆಗಳು. ತುಂಬಿದ ಚೌಕವೆಂದರೆ ಕಾಯಿಲೆ ಇದ್ದವನು. ಗುಂಡಿನ ನಡುವೆ ಚುಕ್ಕಿ ಇದ್ದರೆ, ತಾನು ಚೆನ್ನಾಗಿದ್ದೂ ಮಕ್ಕಳಿಗೆ ಕಾಯಿಲೆ ದಾಟಿಸಬಲ್ಲವಳು. ಹೊನ್ನೂರಮ್ಮನ ಗುಂಡಿನಲ್ಲಿ ಚುಕ್ಕಿ ಇತ್ತು. ಅದರ ಕೆಳಗೆ ‘ಎಲ್ಲಮ್ಮ’ ಎಂದು ಬರೆದ ಗುಂಡಿನಲ್ಲೂ ಇತ್ತು.

“ನನ್ನ ಮಗಳು. ಸೋಮವಾರ ಆಕಿ ತಲಿ ಮ್ಯಾಲ ಅಕ್ಕಿಕಾಳು ಬೀಳಬೇಕು. ರಕ್ತ ಖರೇ ಅಂತಾದ್ರ ಈ ಚುಕ್ಕಿನೂ ಖರೇ ಆಗ್ತೈತಿ. ಬೀಗರಿಗೆ ಗೊತ್ತಾದ್ರ? ಬ್ಯಾರೆಯೋರ ರಕ್ತ ಕೊಟ್ರ ಎಲ್ಲಾ ಸುಳ್ಳು ಅಂತ ಬರ್ತೈತಿ, ಚುಕ್ಕಿ ಅಳಿಸಿ ಹೋಗ್ತೈತಿ ಅಂದ್ಕೊಂಡೆ.”

ಅಮರೇಶ್ ಕಾಗದ ಬೆಳಕಿಗೆ ಹಿಡಿದ. ಫಲಿತಾಂಶ ಖಾತ್ರಿಯಾಗುವ ಮೊದಲು ಇಂಥ ನಕ್ಷೆ ಮನೆಯವರ ಕೈಗೆ ಹೋಗುವ ಹಾಗೇ ಇಲ್ಲ. ಹಾಗೆ ಕೊಟ್ಟವರ ವೇತನ ಅಂದೇ ನಿಲ್ಲುತ್ತದೆಂದು ಪ್ರತಿಷ್ಠಾನದ ಕರಾರಿನಲ್ಲೇ ಇತ್ತು. ಅದನ್ನು ಅವನಿಗೆ ಓದಿ ಹೇಳಿದವಳು ಸುಹಾನಾಳೇ.

“ಇದನ್ನ ನಿಮಗ ಕೊಟ್ಟೋರು ಯಾರು?”

ಹೊನ್ನೂರಮ್ಮ ಅವನ ಹೆಗಲಿನಾಚೆ ನೋಡಿದಳು. “ನಿಮ್ಮ ಬೆನ್ನ ಹಿಂದ ನಿಂತಾಳಲ್ಲ, ಆಕಿ.”

ಅಮರೇಶ್ ತಿರುಗಿದ. ಸುಹಾನಾ ಯಾವಾಗಲೋ ಓಮ್ನಿಯಿಂದ ಇಳಿದು ಬಂದಿದ್ದಳು.

“ಹೌದು,” ಎಂದಳು. “ನಾನ ಕೊಟ್ಟೆ. ಮೂರು ತಿಂಗಳಾತು. ‘ನನ್ನ ಮಗಳಿಗೆ ಏನೂ ಇಲ್ಲ ಅಂತ ಒಂದು ಮಾತು ಹೇಳವ್ವಾ’ ಅಂತ ದಿನಾ ಅಳತಿದ್ಲು. ನಿಯಮ ಮುರಿದೆ.”

“ಇದನ್ನ ನನಗ ಹೇಳಬಾರದಿತ್ತೇನು?”

“ಹೇಳಿದ್ರ ನೀವು ಕೇಸು ಹಿಡೀತಿದ್ರೇನು?” ಎಂದವಳೇ ಕಾಗದ ನೋಡಿದಳು. ಹತ್ತಿರ ಬಂದಳು. ಅವನ ಕೈಯಿಂದ ಕಿತ್ತುಕೊಂಡಳು. “ಅಣ್ಣಾ… ಈ ಚುಕ್ಕಿ ನಂದಲ್ಲ.”

“ಯಾವುದು?”

“ಎಲ್ಲಮ್ಮಂದು. ನಾನು ಖಾಲಿ ಗುಂಡು ಬರದು ಕೊಟ್ಟಿದ್ದೆ. ಎಲ್ಲಮ್ಮನ ರಕ್ತ ಎರಡು ಸಲ ನೋಡೀನಿ. ಆಕಿಗೆ ಏನೂ ಇಲ್ಲ. ಆಕಿ ಮಕ್ಕಳಿಗೂ ಏನೂ ಬರಂಗಿಲ್ಲ. ‘ಖಾಲಿ ಐತಿ, ನಿಶ್ಚಿಂತಿ ಇರು’ ಅಂತ ಹೇಳಾಕನ ಇದನ್ನ ಕೊಟ್ಟಿದ್ದು!”

ಹೊನ್ನೂರಮ್ಮ ಕಾಗದದ ಕಡೆ ಬಗ್ಗಿದಳು. “ಕೊಟ್ಟ ದಿನ ಸಂಡಿಗಿ ಹಿಟ್ಟಿನ ಕೈ ಇತ್ತು, ಸರಿಯಾಗಿ ನೋಡಲಿಲ್ಲ, ಟ್ರಂಕಿನಾಗ ಇಟ್ಟೆ. ಹದಿನೈದು ದಿನದ ಹಿಂದ ತಗದು ನೋಡಿದ್ರ ಚುಕ್ಕಿ ಇತ್ತವ್ವಾ. ನೀನು ನನ್ನ ಸಮಾಧಾನಕ್ಕ ಸುಳ್ಳು ಹೇಳಿದಿ ಅಂದ್ಕೊಂಡೆ.”

ಅಮರೇಶ್ ಉಗುರಿನಿಂದ ಗೀಚಿದ. ತಾಯಿಯ ಚುಕ್ಕಿ ಪೆನ್ಸಿಲಿನದು, ಅಳಿಸಿತು. ಮಗಳದು ಬಾಲ್ ಪೆನ್ನಿನದು, ಒತ್ತಿ ಬರೆದದ್ದು. ಕಾಗದದ ಬೆನ್ನಿಗೂ ಮೂಡಿತ್ತು.

“ಟ್ರಂಕಿನ ಕೀಲಿ ಎಲ್ಲಿರ್ತೈತಿ?”

ಯಾರೂ ಹೇಳಬೇಕಾಗಲಿಲ್ಲ. ಒಳಬಾಗಿಲಿನ ಕತ್ತಲಿನಿಂದ ಹತ್ತೊಂಬತ್ತರ ಹುಡುಗಿಯೊಬ್ಬಳು ಬೆಳಕಿಗೆ ಬಂದಳು. ಕೈಯಲ್ಲಿ ಆಗಲೇ ಹಸಿರು ಬಳೆ, ಅದೇ ಕೈಯಲ್ಲೊಂದು ಮೊಬೈಲು.

“ಚುಕ್ಕಿ ನಾನ ಇಟ್ಟೀನಿ,” ಎಂದಳು ಎಲ್ಲಮ್ಮ. “ಮದಿವಿ ಒಲ್ಲೆ ಅಂತ ಮೂರು ಸಲ ಅಂದೆ. ನನ್ನ ಮಾತು ಯಾರೂ ಕೇಳಲಿಲ್ಲ. ಚುಕ್ಕಿ ಮಾತು ಕೇಳ್ತಾರ ಅಂದ್ಕೊಂಡೆ.”

ಹೊನ್ನೂರಮ್ಮ ಕೈ ಎತ್ತಿದಳು. ಎತ್ತಿದ ಕೈ ಹಾಗೇ ಉಳಿಯಿತು. ಬಾನಿಯಲ್ಲಿ ಅಯ್ಯಣ್ಣ ಮುಖಕ್ಕೆ ನೀರು ಹಾಕಿಕೊಂಡ.

ಅಮರೇಶ್‌ನ ಎಡಗಿವಿ ಇನ್ನೂ ತುರಿಸುತ್ತಿತ್ತು. ಮದುವೆ ತಪ್ಪಿಸಿಕೊಳ್ಳಲು ಹುಡುಗಿಯರು ಉಪವಾಸ ಬೀಳುತ್ತಾರೆ, ಅಜ್ಜಿ ಮನೆಗೆ ಓಡುತ್ತಾರೆ. ಟ್ರಂಕು ತೆಗೆದು, ವಿಜ್ಞಾನಿಯ ನಕ್ಷೆಯಲ್ಲಿ, ಸರಿಯಾದ ಗುಂಡಿನ ಸರಿಯಾದ ಜಾಗದಲ್ಲಿ, ಸಮಿತಿ ಮರುಪರೀಕ್ಷೆ ಎಂದ ವಾರದಲ್ಲೇ ಚುಕ್ಕಿ ಇಡುವುದಿಲ್ಲ.

“ತಂಗೀ, ಇದು ನಿನ್ನ ಬುದ್ಧಿನೋ, ಯಾರರೆ ಹೇಳಿಕೊಟ್ಟ ಬುದ್ಧಿನೋ?”

ಎಲ್ಲಮ್ಮ ಅವನನ್ನು ನೋಡಲಿಲ್ಲ, ಸುಹಾನಾಳನ್ನು ನೋಡಿದಳು. “ಅಕ್ಕಾ, ಮಾವಗ, ಅಣ್ಣಂದಿರಿಗೆ ದಿನಾ ಎರಡು ಹೊತ್ತು ಥರ್ಮಾಮೀಟರ್ ಇಟ್ಟು ಬರಿಯಾಕ ನೀವ ಕಲಿಸಿದ್ರಿ. ಒಂದು ದಿನಾನೂ ತಪ್ಪಿಸಿಲ್ಲ ನಾನು. ಲ್ಯಾಬ್ ಕೆಲಸ ಕಲೀಬೇಕು ಅಂದಾಗ, ‘ನಮ್ಮ ಮೇಡಂಗ ಹೇಳ್ತೀನಿ’ ಅಂದಿದ್ರಿ.”

“ಹೇಳಿದ್ದೆ. ಹೌದು.”

ಎಲ್ಲಮ್ಮ ಒಳಗಿನಿಂದ ಪ್ಲಾಸ್ಟಿಕ್ ಫೈಲು ತಂದಳು. ಬಳ್ಳಾರಿಯ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಅರ್ಜಿ. ಹುಡುಗಿಯ ಪುಟ್ಟ ಫೋಟೋ. ಕೆಳಗೆ, ಸ್ಥಳೀಯ ಪೋಷಕರು ಎಂಬಲ್ಲಿ ದುಂಡನೆಯ ಸುಂದರ ಸಹಿ. ಸುಹಾನಾ ಆ ಸಹಿಯನ್ನು ತನ್ನ ಅರ್ಜಿಗಳ ಕೆಳಗೆ ಎಷ್ಟೋ ಸಲ ಕಂಡಿದ್ದಳು.

ಡಾಕ್ಟರ್ ಶೀಲಾ.

“ಅವರ ಇಲ್ಲಿಗೆ ಬಂದಿದ್ರು,” ಎಂದಳು ಎಲ್ಲಮ್ಮ. “ಅವ್ವ ಹೊಲಕ್ಕ ಹೋಗಿದ್ಲು. ‘ನಿಮ್ಮನೇಲಿ ಒಂದು ನಕ್ಷೆ ಇದೆಯಲ್ಲ, ತಾ’ ಅಂದ್ರು. ನೋಡಿ, ‘ಇಲ್ಲೊಂದು ಚುಕ್ಕಿ ಇದ್ದಿದ್ರೆ ನಿನ್ನ ಮದುವೆ ನಿಲ್ತಿತ್ತು, ರಕ್ತ ಕೊಡೋಕೂ ನಿಮ್ಮವ್ವ ಒಪ್ತಿರಲಿಲ್ಲ’ ಅಂತ ನಕ್ರು. ಇಡು ಅನ್ನಲಿಲ್ಲ. ಪೆನ್ನು ನಕ್ಷಿ ಮ್ಯಾಲ ಬಿಟ್ಟು ಹೋದ್ರು.”

ಸುಹಾನಾ ಸಂಡಿಗೆಯ ಚಾಪೆಯ ಪಕ್ಕ ಕೂತುಬಿಟ್ಟಳು. “ನಕ್ಷಿ ಕೊಟ್ಟ ವಿಷಯ ನಾನು ಒಬ್ಬರಿಗೇ ಹೇಳಿದ್ದು ಅಣ್ಣಾ. ತಪ್ಪು ಮಾಡೀನಿ ಮೇಡಂ ಅಂತ ಅವರ ಮುಂದ ಅತ್ತಿದ್ದೆ. ತಲಿ ಸವರಿ, ‘ಯಾರಿಗೂ ಹೇಳಬೇಡ, ನಾನು ನೋಡ್ಕೋತೀನಿ’ ಅಂದಿದ್ರು.”

ಅಮರೇಶ್‌ಗೆ ಎಂದೂ ಕೈಕೊಡದ ನಾಲಿಗೆಗೂ ಒಂದು ತಮಾಷೆ ಹೊಳೆಯಲಿಲ್ಲ.

“ಎಲ್ಲಮ್ಮಾ, ನಾಳೆ ಹನ್ನೊಂದಕ್ಕ ಬಳ್ಳಾರಿಗೆ ಬರ್ತೀಯೇನವ್ವಾ? ಈಗ ಹೇಳಿದ್ದನ್ನ ಅಲ್ಲಿ ಹೇಳಿದ್ರ ಸಾಕು. ನಕ್ಷಿ ಕೊಟ್ಟ ತಪ್ಪಿಗೆ ಬೈಸಿಕೊಂಡರೂ, ಕಳ್ಳಿ ಅನ್ನೋ ಹೆಸರಿಂದ ನಿಮ್ಮಕ್ಕ ಉಳೀತಾಳ.”

“ಅಕ್ಕ ಉಳೀತಾರ,” ಎಂದಳು ಎಲ್ಲಮ್ಮ, ಫೈಲನ್ನು ಎದೆಗೆ ಒತ್ತಿಕೊಂಡು. “ನನ್ನ ಸೀಟು?”

ಸುಹಾನಾ ತಲೆಯೆತ್ತಿ ಅವಳನ್ನು ನೋಡಿದಳು. ಎರಡು ಸಲ ತಿರುಗಿ ಬಂದ ಅರ್ಜಿಯ ರುಚಿ ಗೊತ್ತಿದ್ದವಳ ನೋಟ. ಉತ್ತರ ಕೊಡಲು ಬಾಯಿ ತೆರೆದಳು.

ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಪರದೆಯ ಮೇಲೆ ‘ಮೇಡಂ’ ಎಂದಿತ್ತು.

ಅಮರೇಶ್ ತುಟಿಯ ಮೇಲೆ ಬೆರಳಿಟ್ಟು, ಫೋನಿಗೆ ಕಿವಿ ತಂದ.

“ಎಲ್ಲಿದ್ದೀಯಮ್ಮಾ?” ಮೆತ್ತನೆಯ ದನಿ, ಜ್ವರ ನೋಡಲು ಹಣೆಯ ಮೇಲೆ ಕೈಯಿಟ್ಟ ಹಾಗೆ.

“ಬಳ್ಳಾರಿಯಾಗ ಮೇಡಂ. ಮನ್ಯಾಗ ಅದೀನಿ. ನಾಳಿನ ಕಾಗದ ಜೋಡಸಾಕತ್ತೀನಿ.”

“ಊಟ ಆಯ್ತಾ?”

“ಆತು ಮೇಡಂ.”

“ಒಳ್ಳೇದು. ಈಗ ಫೋನು ಎಲ್ಲಮ್ಮನ ಕೈಗೆ ಕೊಡು.”

ಆ ದನಿ ಕೇಳದಷ್ಟು ದೂರ ನಿಂತಿದ್ದ ಎಲ್ಲಮ್ಮ ಆಗಲೇ ಕೈ ಚಾಚಿದ್ದಳು.